ನಾವು ನೆಟ್ಟಗೆ ಮಾಡಿದ ಗೋಡೆ

ಆ ಗೋಡೆ ಬಿದ್ದಾಗ ನಾನು ಅದರ ಎದುರಿಗೇ ನಿಂತಿದ್ದೆ. ಅದು ಬೀಳುತ್ತದೆ ಎಂದು ಕೆಲವು ವಾರಗಳಿಂದ ಹೇಳುತ್ತಲೂ ಇದ್ದೆ. ಯಾರೂ ಕೇಳಲಿಲ್ಲ ಎಂದು ಬರೆದರೆ ಪೂರ್ತಿ ಸತ್ಯವಾಗುವುದಿಲ್ಲ. ಕೇಳದಿರಲು ಅವರ ಕೈಯಲ್ಲಿ ಒಂದು ಸಾಕ್ಷಿ ಇತ್ತು. ಆ ಸಾಕ್ಷಿ ನಮ್ಮ ಸ್ಟುಡಿಯೊದಲ್ಲೇ ತಯಾರಾಗಿತ್ತು. ಹಾಗಾಗಿ ಅವಸರ ಮಾಡದೆ, ಕಂಡದ್ದನ್ನು ಕಂಡ ಕ್ರಮದಲ್ಲೇ ಬರೆಯುತ್ತೇನೆ.

ನಮ್ಮದು ಇಂದಿರಾನಗರದ ಒಂದು ಮನೆಯ ಮೇಲ್ಮಹಡಿಯಲ್ಲಿರುವ ಚಿಕ್ಕ ಸ್ಟುಡಿಯೊ. ಕಂಪ್ಯೂಟರ್ ಗೇಮ್‌ಗಳಿಗೆ ಬೇಕಾದ ಬೀದಿ, ಬಂಡೆ, ಮರ, ಕೆರೆಯ ದಂಡೆ ಇಂಥವನ್ನು ಮಾಡಿಕೊಡುತ್ತೇವೆ. ಕೈಯಿಂದ ಬಿಡಿಸುವುದು ಕಡಿಮೆ. ನಿಜವಾದ ಒಂದು ಬಂಡೆಯನ್ನೋ ಗೋಡೆಯನ್ನೋ ಹುಡುಕಿಕೊಂಡು ಹೋಗಿ, ಹೆಜ್ಜೆ ಹೆಜ್ಜೆಗೂ ನಿಂತು ನೂರಾರು ಫೋಟೊ ತೆಗೆಯುತ್ತೇವೆ. ಒಂದು ಫೋಟೊದಲ್ಲಿ ಕಂಡದ್ದರ ಹೆಚ್ಚಿನ ಭಾಗ ಮುಂದಿನದರಲ್ಲೂ ಕಾಣಬೇಕು. ಕಂಪ್ಯೂಟರ್ ಅವನ್ನೆಲ್ಲ ಹೋಲಿಸಿ, ಒಂದೇ ಚುಕ್ಕೆ ಯಾವ ಯಾವ ಕೋನದಿಂದ ಹೇಗೆ ಕಂಡಿದೆ ಎಂದು ಲೆಕ್ಕ ಹಾಕಿ, ಆ ವಸ್ತುವಿನ ಉಬ್ಬುತಗ್ಗುಗಳನ್ನು ಕಟ್ಟಿಕೊಡುತ್ತದೆ. ಇದಕ್ಕೆ ಫೋಟೊಗ್ರಾಮೆಟ್ರಿ ಎನ್ನುತ್ತಾರೆ. ಹಾಗೆ ಬಂದ ಆಕಾರವನ್ನು ಗೇಮ್ ಎಂಜಿನ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಹಾಕಿ ಬೆಳಕು, ಮಳೆ, ಮಂಜು ಕೊಟ್ಟರೆ ಆಡುವವರು ಆ ಬೀದಿಯೊಳಗೆ ಓಡಾಡಬಹುದು.

ಕೇಳಲು ಸುಲಭ. ಮಾಡುವಾಗ ಎಲ್ಲವೂ ಎದುರಾಳಿಯೇ. ಬಿಸಿಲಿದ್ದರೆ ಮರದ ನೆರಳು ಗೋಡೆಗೆ ಬಣ್ಣದಂತೆ ಅಂಟಿಕೊಂಡು ಬರುತ್ತದೆ, ಆದ್ದರಿಂದ ಮೋಡ ಬೇಕು. ಬೆಂಗಳೂರಿನ ಮೋಡವನ್ನು ನಂಬಿ ಕೆಲಸಕ್ಕಿಳಿದವರಿಗೆ ಗೊತ್ತು: ಕ್ಯಾಮೆರಾ ತೆಗೆಯುವಷ್ಟರಲ್ಲಿ ಬಿಸಿಲು, ಚೀಲಕ್ಕೆ ಹಾಕುವಷ್ಟರಲ್ಲಿ ಮೋಡ. ಗಾಳಿಗೆ ಎಲೆ ಅಲುಗಿದರೆ ಕೆಟ್ಟಿತು. ತೊಳೆದ ಸ್ಕೂಟರ್ ಒಂದು ನಿಂತಿದ್ದರೆ ಅದು ಹೊಳೆದ ಕಡೆಯಲ್ಲೆಲ್ಲ ಆಕಾರ ತೂತುಬೀಳುತ್ತದೆ.

ಹೊರದೇಶದ ಗಿರಾಕಿಯೊಬ್ಬರು ಹಳೆಯ ಊರಿನ ಓಣಿ ಬೇಕೆಂದು ಕೇಳಿದರು. ನಮ್ಮ ತಂಡದ ಲೀಡ್ ಹಲಸೂರಿನಿಂದ ಜೋಗುಪಾಳ್ಯದ ಕಡೆ ಹೋಗುವ ಒಂದು ಅಡ್ಡರಸ್ತೆಯನ್ನು ಹುಡುಕಿದ. ಅವನು ನನಗಿಂತ ಚಿಕ್ಕವನು. ಹೆಂಗಸರು ಗಂಡಸರು ಎನ್ನದೆ ಎಲ್ಲರನ್ನೂ ಗುರು, ಮಗಾ ಎಂದೇ ಕರೆಯುತ್ತಾನೆ. ಆ ರಸ್ತೆಯ ಒಂದು ಬದಿಗೆ ಅಪಾರ್ಟ್‌ಮೆಂಟಿನ ಕಬ್ಬಿಣದ ಬೇಲಿ, ಇನ್ನೊಂದು ಬದಿಗೆ ಹಳೆಯ ಬಂಗಲೆಯೊಂದರ ಕಲ್ಲಿನ ಕಾಂಪೌಂಡು. ಒಂದೂವರೆ ಆಳೆತ್ತರದ ಗೋಡೆ. ಸುಣ್ಣದ ಗಾರೆ, ಸಂದಿಗಳಲ್ಲಿ ಪಾಚಿ, ಅಲ್ಲಲ್ಲಿ ಚಿಗುರಿದ ಅರಳಿ ಸಸಿ. ಒಳಗೆ ಮಾಲೀಕರ ತೋಟ ರಸ್ತೆಗಿಂತ ಎಷ್ಟೋ ಎತ್ತರದಲ್ಲಿತ್ತು.

ಆ ಗೋಡೆಯ ನಡುಭಾಗಕ್ಕೆ ಒರಗಿಕೊಂಡಂತೆ ರೊಟ್ಟಿ ಅಕ್ಕನ ಅಂಗಡಿ. ಅವರು ರಾಯಚೂರಿನ ಕಡೆಯವರು. ರಾಮಮೂರ್ತಿ ನಗರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗಂಡ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾರೆ. ಅಕ್ಕ ದಿನಾ ಬೆಳಿಗ್ಗೆ ಹಿಟ್ಟಿನ ಡಬ್ಬ, ಪಲ್ಯದ ಪಾತ್ರೆಗಳೊಂದಿಗೆ ಆಟೊದಲ್ಲಿ ಬಂದು ಗೋಡೆಗೆ ಹೊಡೆದ ಮೊಳೆಗಳಿಗೆ ತಾಡಪತ್ರಿ ಕಟ್ಟಿ, ಟೇಬಲ್ಲಿನ ಮೇಲೆ ಗ್ಯಾಸ್ ಒಲೆ ಹಚ್ಚುತ್ತಿದ್ದರು. ತಿನ್ನುವವರು ಚರಂಡಿಯ ಕಲ್ಲುಚಪ್ಪಡಿಗಳ ಮೇಲೆ, ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ಕೂರುತ್ತಿದ್ದರು. ಕಟ್ಟಡ ಕೆಲಸದವರು, ಕಲಬುರಗಿ ಕಡೆಯ ಆಫೀಸಿನವರು, ಎದುರಿನ ಅಪಾರ್ಟ್‌ಮೆಂಟಿನ ಯಾದಗಿರಿಯ ಸೆಕ್ಯುರಿಟಿ, ಕೊನೆಗೆ ನಾವೂ.

ಮೊದಲ ಸಲ ಫೋಟೊ ತೆಗೆಯಲು ಹೋದಾಗ, ತಾಡಪತ್ರಿ ಸ್ವಲ್ಪ ಹೊತ್ತು ಬಿಚ್ಚಿ ಎಂದು ಕೇಳಿಕೊಂಡೆ.

“ನನ್ನ ತಾಡಪತ್ರಿ ನಿಮಗೇನ್ ಮಾಡೇತಿ?”

“ಗೋಡೆ ಪೂರ್ತಿ ಕಾಣ್ಬೇಕು ಅಕ್ಕ.”

“ಗ್ವಾಡ್ಯಾಗ ಏನೈತಿ ನೋಡೂದು? ಮಂದಿ ಲಾಲ್‌ಬಾಗ್ ನೋಡಾಕ ಹೊಕ್ಕಾರ. ನೀವು ಓದಿದವ್ರು ಗ್ವಾಡಿ ನೋಡಾಕತ್ತೀರಿ.”

ಅರ್ಧ ಬಿಚ್ಚಿದರು, ಇನ್ನರ್ಧ ಬಿಚ್ಚಲಿಲ್ಲ. ಒಲೆಯ ಹಿಂದಿನಷ್ಟು ಭಾಗ ನಮಗೆ ಸಿಗಲೇ ಇಲ್ಲ. ಆ ತೂತನ್ನು ಆಮೇಲೆ ತುಂಬಿದರಾಯಿತೆಂದು ಬಂದೆವು.

ಕಂಪ್ಯೂಟರಿನಲ್ಲಿ ಗೋಡೆ ತಯಾರಾದಾಗ ಅದರ ನಡುಭಾಗ ರಸ್ತೆಯ ಕಡೆಗೆ ವಾಲಿಕೊಂಡು ಬಂದಿತ್ತು. ಇದು ನಮ್ಮ ಕಸುಬಿನಲ್ಲಿ ಹಳೆಯ ರೋಗ. ಉದ್ದದ ವಸ್ತುವನ್ನು ಇಕ್ಕಟ್ಟಾದ ಜಾಗದಿಂದ, ಒಂದೇ ಗೆರೆಯಲ್ಲಿ ನಡೆಯುತ್ತ ಫೋಟೊ ತೆಗೆದರೆ ಸಣ್ಣ ಸಣ್ಣ ತಪ್ಪುಗಳು ಒಂದಕ್ಕೊಂದು ಕೂಡಿ ಇಡೀ ಆಕಾರ ಬಾಗುತ್ತದೆ. ನಾವು ಅದಕ್ಕೆ ಬಾಳೆಹಣ್ಣು ಎನ್ನುತ್ತೇವೆ.

ಲೀಡ್ ನನ್ನ ಹಿಂದೆ ನಿಂತು ನೋಡಿ, “ಬಾಳೆಹಣ್ಣು ಬಂದಿದೆಯಲ್ಲ ಗುರು, ನೆಟ್ಟಗೆ ಮಾಡು” ಅಂದ.

ಮಸುಕಾದ ಫೋಟೊಗಳನ್ನು ಹುಡುಕಿ ತೆಗೆದೆ. ಲೆಕ್ಕವನ್ನು ಮೊದಲಿಂದ ಮತ್ತೆ ಓಡಿಸಿದೆ. ಒಂದು ಸಲ ಓಡಿಸಿದರೆ ಕಂಪ್ಯೂಟರ್ ಫ್ಯಾನು ಅರಚುತ್ತ ಇಡೀ ದಿನ ತಿನ್ನುತ್ತದೆ. ವಾಲಿಕೊಂಡೇ ಬಂತು. ಗುರುತಿನ ಚುಕ್ಕೆಗಳನ್ನು ಕೈಯಿಂದ ಒಂದೊಂದಾಗಿ ಇಟ್ಟೆ. ವಾಲಿಕೊಂಡೇ ಬಂತು. ಲೆನ್ಸಿನ ಲೆಕ್ಕವನ್ನು ಹೊಸದಾಗಿ ಮಾಡಿಸಿದೆ. ಆಗಲೂ ಅಷ್ಟೇ. ನನಗೆ ಆ ಗೋಡೆಯ ಮೇಲೆ ಸಿಟ್ಟು ಬರತೊಡಗಿತು. ನಾನು ಮಾಡಿದ್ದೆಲ್ಲವನ್ನೂ ಅದು ಹೊಟ್ಟೆ ಮುಂದೆ ಮಾಡಿಕೊಂಡು ತಳ್ಳಿಹಾಕುತ್ತಿದೆ ಎನ್ನಿಸುತ್ತಿತ್ತು.

“ಎಷ್ಟು ದಿನ ಇದೇ ಮಾಡ್ತೀಯಾ?” ಎಂದ ಲೀಡ್. “ಗೋಡೆ ಅಂದ್ರೆ ನೆಟ್ಟಗಿರತ್ತೆ. ಅಷ್ಟೇ. ಹಿಡ್ಕೊಂಡು ಎಳೆದು ಕೂರಿಸಿಬಿಡು ಮಗಾ.”

ಹಿಡಿದು ಎಳೆದು ಕೂರಿಸಿದೆ. ಗೇಮ್ ಎಂಜಿನ್ನಿನಲ್ಲಿ ಮುಂಜಾನೆಯ ಬೆಳಕು ಬಿಟ್ಟಾಗ ಓಣಿ ಚೆಂದ ಕಂಡಿತು. ಗಿರಾಕಿ ಒಪ್ಪಿದರು. ಒಲೆಯ ಹಿಂದಿನ ಭಾಗವನ್ನು ಮಾತ್ರ ಸರಿಪಡಿಸಿ ಕೊಡಿ ಎಂದರು. ಫೋಟೊ ತೆಗೆಯಲು ಬಿಟ್ಟದ್ದಕ್ಕಾಗಿ ಬಂಗಲೆಯ ಮಾಲೀಕರಿಗೆ ಆ ಓಣಿಯ ವಿಡಿಯೊ ಕಳಿಸಿಕೊಟ್ಟೆ. ವಯಸ್ಸಾದವರು, ತಲೆಮಾರುಗಳಿಂದ ಕಂಟೋನ್ಮೆಂಟಿನವರು. ಮನೆಮಾತು ತಮಿಳು. ಅವರಿಗೆ ಬಹಳ ಸಂತೋಷವಾಯಿತು.

“ನಮ್ಮ ತಾತ ಕಟ್ಟಿದ್ದಮ್ಮಾ. ಮಿಲಿಟರಿ ಪೆರೇಡ್‌ನಲ್ಲಿ ನಿಂತ ಹಾಗಿದೆ ನೋಡು.”

ಎಲ್ಲ ನೆಂಟರಿಗೂ ಅದನ್ನು ಕಳಿಸಿದ್ದಾಗಿ ಹೇಳಿದರು.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ, ಅಕ್ಕ ಬರುವ ಮುಂಚೆ ಹೋಗಿ ಉಳಿದ ಭಾಗದ ಫೋಟೊ ತೆಗೆದೆ. ಜೊತೆಗಿರಲಿ ಎಂದು ಇಡೀ ಗೋಡೆಯನ್ನೂ ಮತ್ತೊಮ್ಮೆ ತೆಗೆದೆ. ಅದನ್ನು ಹಳೆಯದರ ಮೇಲೆ, ಎಳೆದು ಕೂರಿಸುವ ಮೊದಲಿದ್ದ ಮೂಲ ಆಕಾರದ ಮೇಲೆ ಕೂರಿಸಹೋದರೆ ಹೊಂದಲಿಲ್ಲ. ಒಂದೊಂದು ಕಲ್ಲೂ ಎರಡೆರಡಾಗಿ ಕಾಣುತ್ತಿತ್ತು, ಕನ್ನಡಕ ತೆಗೆದು ನೋಡಿದಂತೆ. ಮತ್ತದೇ ಜಗಳ. ಮತ್ತೆ ಫ್ಯಾನಿನ ಅರಚಾಟ. ಕೊನೆಗೆ ಬೇಸತ್ತು ಗೋಡೆಯನ್ನೇ ಮರೆಮಾಡಿ ಉಳಿದದ್ದನ್ನು ನೋಡಿದೆ. ಕರೆಂಟಿನ ಕಂಬ ಹೊಂದಿತ್ತು. ಎದುರಿನ ಬೇಲಿ ಹೊಂದಿತ್ತು. ಚರಂಡಿಯ ಚಪ್ಪಡಿಗಳ ಅಂಚು ಅಂಚಿಗೆ ಕೂತಿತ್ತು. ಬಂಗಲೆಯ ಗೇಟಿನ ಕಂಬವೂ ಹೊಂದಿತ್ತು. ಗೋಡೆಯ ನಡುಭಾಗ ಮಾತ್ರ ಬೇರೆ ಜಾಗದಲ್ಲಿತ್ತು. ಮೇಲ್ಗಡೆ ಸುಮಾರು ನಾಲ್ಕು ಬೆರಳು ಮುಂದೆ.

ಫೋಟೊ ಕೆಟ್ಟಿದ್ದರೆ ಎಲ್ಲವೂ ಕೆಡಬೇಕು. ಗೋಡೆಯೊಂದನ್ನೇ ಆರಿಸಿಕೊಂಡು ತಪ್ಪು ಮಾಡುವ ಬುದ್ಧಿ ಕಂಪ್ಯೂಟರಿಗಿಲ್ಲ.

ಮೌಸಿನಿಂದ ಕೈ ತೆಗೆದೆ. ಆಮೇಲೆ ಒಂದು ದಾರಕ್ಕೆ ಬೀಗ ಕಟ್ಟಿಕೊಂಡು ಓಣಿಗೆ ಹೋದೆ. ಗೇಟಿನ ಹತ್ತಿರ ಗೋಡೆಯ ತಲೆಯಿಂದ ದಾರ ಬಿಟ್ಟರೆ ಅದು ಕಲ್ಲಿಗೆ ತಾಗಿಕೊಂಡೇ ಇಳಿಯಿತು. ಅಕ್ಕನ ಒಲೆಯ ಮೇಲ್ಗಡೆಯಿಂದ ಬಿಟ್ಟಾಗ ಬೀಗ ಗೋಡೆಯ ಬುಡದಿಂದ ಒಂದು ಗೇಣು ದೂರದಲ್ಲಿ ತೂಗಿತು. ನಾವು ಮೊದಲ ದಿನದಿಂದ ಬಾಳೆಹಣ್ಣು ಎಂದು ಬೈದದ್ದು ನಿಜವಾದ ಗೋಡೆಯನ್ನು.

ಲೀಡನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವನು ದಾರವನ್ನೇ ನೋಡುತ್ತ ನಿಂತ. “ಡೆಲಿವರಿ ಆಗ್ಬಿಟ್ಟಿದೆಯಲ್ಲೇ” ಎಂದ. ದಾರ ಸುತ್ತಿ ನನ್ನ ಕೈಗೆ ಕೊಡುತ್ತ, “ಮಾಲೀಕರಿಗೆ ಹೇಳ್ಬೇಕು ನೋಡು” ಎಂದ.

ಹೇಳಿದೆ. ಅವರು ಮೊಬೈಲ್ ತೆಗೆದು ನಾನೇ ಕಳಿಸಿದ ವಿಡಿಯೊ ನನಗೇ ತೋರಿಸಿದರು.

“ಇದು ಯಾರು ಮಾಡಿದ್ದು?”

“ನಾನೇ ಸರ್. ಆದ್ರೆ ಅದನ್ನ ನಾವು ನೆಟ್ಟಗೆ ಮಾಡಿದ್ವಿ. ನಿಜವಾಗಿ ವಾಲಿದೆ.”

“ಅಂದ್ರೆ ಆಗ ನೆಟ್ಟಗೆ ಮಾಡಿದೆ, ಈಗ ಸೊಟ್ಟ ಮಾಡಿದೀಯ. ಏನಮ್ಮಾ, ನಿಮ್ಮ ಕಂಪ್ಯೂಟರ್ ನಿಮ್ಮಿಷ್ಟ, ಅಲ್ವಾ? ನಮ್ಮ ತಾತನ ಕಾಲದಿಂದ ನಿಂತಿದೆ. ಮಳೆಗಾಲ ಹೊಸದಾ ಅದಕ್ಕೆ?”

ದಾರ ತೋರಿಸುತ್ತೇನೆ ಬನ್ನಿ ಎಂದೆ. ಮೊಣಕಾಲು ನೋವು, ಇನ್ನೊಂದು ದಿನ ನೋಡೋಣ ಎಂದರು. ಮಣ್ಣು ತುಂಬಿ ತೋಟ ಎತ್ತರಿಸಿದ್ದೀರಿ, ಮಳೆ ನೀರು ಕುಡಿದು ಆ ಮಣ್ಣೇ ಗೋಡೆಯನ್ನು ತಳ್ಳುತ್ತಿದೆ ಎಂದೆ. ಅವರ ಮುಖ ಬಿಗಿಯಿತು. “ನೀನು ಗೇಮ್ ಮಾಡೋಳು. ಎಂಜಿನಿಯರ್ ಅಲ್ಲ” ಎಂದರು. ಅದೂ ನಿಜವೇ. ವಾರ್ಡಿನ ಕಚೇರಿಗೆ ಹೋದರೆ ಖಾಸಗಿ ಗೋಡೆ, ಮಾಲೀಕರು ಬಂದು ಬರೆದುಕೊಡಲಿ ಎಂದರು.

ಉಳಿದದ್ದು ಅಕ್ಕ. ಅಲ್ಲಿ ಪ್ರಾಣಕ್ಕೆ ಅಪಾಯವಿದ್ದದ್ದು ಅವರಿಗೇ. ಬೆಳಗಿನಿಂದ ಸಂಜೆಯ ತನಕ ಆ ಗೋಡೆಯ ಕೆಳಗೆ ನಿಲ್ಲುತ್ತಿದ್ದವರು ಅವರೊಬ್ಬರೇ. ಊಟದ ಹೊತ್ತಿಗೆ ಟ್ಯಾಬ್ ತೆಗೆದುಕೊಂಡು ಹೋಗಿ, ಗೋಡೆ ಎಲ್ಲಿ ಎಷ್ಟು ಸರಿದಿದೆಯೋ ಅಲ್ಲಿ ಅಷ್ಟು ಕೆಂಪಾಗಿ ಕಾಣುವಂತೆ ಮಾಡಿದ ಚಿತ್ರ ತೋರಿಸಿದೆ. ಅವರು ಹಿಟ್ಟಿನ ಕೈಯನ್ನು ದೂರ ಹಿಡಿದು ಬಗ್ಗಿ ನೋಡಿದರು.

“ಈ ಕೆಂಪ ಬಣ್ಣ ನೀ ಹಚ್ಚೀಯೇನು?”

“ಇಲ್ಲ ಅಕ್ಕ, ಕಂಪ್ಯೂಟರೇ ಹಚ್ಚತ್ತೆ.”

“ಅದಕ್ಕೇನ್ ಗೊತ್ತು ನಮ್ಮ ಗ್ವಾಡಿ ಸುದ್ದಿ?” ರೊಟ್ಟಿ ತಿರುವಿ ಹಾಕಿದರು. “ಇಲ್ಲಿಂದ ಎಬ್ಬಿಸಿದ್ರ ಎಲ್ಲಿ ಹೋಗ್ಲಿ ಹೇಳು. ಮಾರತ್ತಹಳ್ಳ್ಯಾಗ ಇಟ್ಟಿದ್ದೆ, ಅಲ್ಲಿ ಎಬ್ಬಿಸಿದ್ರು. ಈ ಅಪಾರ್ಟ್‌ಮೆಂಟಿನವ್ರು ತಮ್ಮ ಬೇಲಿಗೆ ಸೈಕಲ್ಲ ಸುದ್ದಾ ಆನಿಸಾಕ ಬಿಡೂದಿಲ್ಲ. ಗ್ವಾಡಿ ಬಿದ್ರ ಒಮ್ಮೆ ಸಾಯ್ತೀನಿ ತಂಗಿ. ಜಾಗ ಹೋದ್ರ ದಿನಾ ಸಾಯ್ಬೇಕು.”

ನಾನು ತಟ್ಟೆಯಲ್ಲಿದ್ದ ರೊಟ್ಟಿ ಮುರಿದೆ. ಅವರೇ ಮತ್ತೆ ಕೇಳಿದರು.

“ಬೀಳತೈತಿ ಅಂತ ಅಷ್ಟು ಖರೇ ಗೊತ್ತಿದ್ರ, ನೀ ಯಾಕ ಇಲ್ಲೇ ಕುಂತು ಉಣ್ಣಾಕತ್ತೀ?”

ನೋಡಿಕೊಂಡರೆ ನಾನು ಅದೇ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂತಿದ್ದೆ. ಸಾಲಿನಲ್ಲಿದ್ದ ಇಬ್ಬರು ಗಾರೆ ಕೆಲಸದವರು ನಕ್ಕರು. ತಟ್ಟೆ ಹಿಡಿದುಕೊಂಡು ಎದ್ದು ರಸ್ತೆ ದಾಟಿ, ಅಪಾರ್ಟ್‌ಮೆಂಟಿನ ಬೇಲಿಯ ಹತ್ತಿರ ಬಿಸಿಲಿನಲ್ಲಿ ನಿಂತು ಉಳಿದದ್ದನ್ನು ತಿಂದೆ. ಮರುದಿನವೂ ಅಲ್ಲೇ ನಿಂತು ತಿಂದೆ.

ಇದರಿಂದ ಏನಾದರೂ ಆಗುತ್ತದೆ ಎಂದು ಯೋಚಿಸಿ ಮಾಡಿದ್ದಲ್ಲ. ಬೇರೇನೂ ತೋಚದೆ ಮಾಡಿದ್ದು. ಆದರೆ ಅಕ್ಕನಿಗೆ ಒಂದು ರೂಢಿಯಿತ್ತು. ಅವರು ತಿನ್ನುವವರನ್ನು ಏನು ಬೇಕು ಎಂದು ಕೇಳುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಲೇ ಕಣ್ಣು ತಟ್ಟೆಗಳ ಮೇಲೆ ಓಡಾಡುತ್ತಿತ್ತು. ಪಲ್ಯ ಮುಗಿಯುತ್ತ ಬಂದ ತಟ್ಟೆಗೆ ಪಲ್ಯ, ರೊಟ್ಟಿ ತುದಿಗೆ ಬಂದ ತಟ್ಟೆಗೆ ಬಿಸಿ ರೊಟ್ಟಿ ಬಂದು ಬೀಳುತ್ತಿತ್ತು. ಸಾಕೆಂದು ಬಾಯಲ್ಲಿ ಹೇಳಿದರೆ ಸಾಲದು, ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯಬೇಕು. ರಸ್ತೆಯಾಚೆ ನಿಂತ ನನ್ನ ತಟ್ಟೆ ಅವರಿಗೆ ಕಾಣುತ್ತಿರಲಿಲ್ಲ.

“ಏ ಹುಡುಗಿ, ಪಲ್ಯ ಐತೋ ಇಲ್ಲೋ?” ಎಂದು ಅಲ್ಲಿಂದ ಕೂಗುತ್ತಿದ್ದರು.

“ಇದೆ ಅಕ್ಕ.”

“ಸುಳ್ಳ ಹೇಳಬ್ಯಾಡ. ಒಣಾ ರೊಟ್ಟಿ ಕಡ್ಯಾಕತ್ತೀ.” ಬೈದುಕೊಳ್ಳುತ್ತ ಸೌಟು ಹಿಡಿದು ದಾಟಿ ಬರುತ್ತಿದ್ದರು.

ಮೊದಲು ಲೀಡ್ ಬಂದು ಪಕ್ಕದಲ್ಲಿ ನಿಂತ. “ಏನು ಮಗಾ, ಧರಣಿನಾ?” ಎಂದು ಹಾಸ್ಯ ಮಾಡಿದ. ಆದರೆ ದಾರ ನೋಡಿದ್ದವನು, ಗೋಡೆಯ ಕೆಳಗೆ ಕೂರಲು ಅವನಿಗೂ ಆಗಲಿಲ್ಲ. ಆಮೇಲೆ ನಕ್ಕಿದ್ದ ಗಾರೆ ಕೆಲಸದವರು ಬಂದರು. ಒಬ್ಬ ಗೋಡೆಯನ್ನು ಓರೆಯಾಗಿ ನೋಡಿ, “ಹೊಟ್ಟಿ ಬಂದೈತಿ ಬಿಡ್ರಿ” ಎಂದ. ದಿನಗಳು ಕಳೆದಂತೆ ಅರ್ಧ ಜನ ಈ ಕಡೆ, ಅರ್ಧ ಜನ ಆ ಕಡೆ. ಅಕ್ಕ ರಸ್ತೆ ದಾಟಿ ದಾಟಿ ಸುಸ್ತಾದರು. ಬೈಕುಗಳು ಹಾರ್ನ್ ಹೊಡೆಯುತ್ತಿದ್ದವು. ಹಂಚಿನ ಮೇಲೆ ರೊಟ್ಟಿ ಹೊತ್ತುತ್ತಿದ್ದವು.

“ನಿಮ್ಮ ಸಲುವಾಗಿ ನನ್ನ ಹಿಟ್ಟು ಸುಟ್ಟು ಬೂದಿ ಆತು!” ಎಂದು ಒಂದು ದಿನ ಸಿಲಿಂಡರನ್ನು ದರದರ ಎಳೆದುಕೊಂಡು ಈ ಕಡೆಗೆ ಬಂದರು. ಟೇಬಲ್ಲನ್ನು ನಾವು ಹೊತ್ತು ತಂದೆವು. ಯಾದಗಿರಿಯ ಸೆಕ್ಯುರಿಟಿ ತಟ್ಟೆ ಹಿಡಿದುಕೊಂಡೇ ತಲೆ ಕೆರೆದುಕೊಂಡ. “ಸೆಕ್ರೆಟರಿ ಸಾಹೇಬ್ರು ಬಂದ್ರ ನನಗ ಗೊತ್ತಿಲ್ಲ ನೋಡ್ರೀ ಮತ್ತ.”

ಹಾಗೆಂದು ನನ್ನ ಚಿಂತೆ ಮುಗಿಯಲಿಲ್ಲ. ಈ ಬದಿಯಲ್ಲಿ ತಾಡಪತ್ರಿ ಕಟ್ಟಲು ಏನೂ ಇರಲಿಲ್ಲ. ಬೇಲಿಗೆ ಹಗ್ಗ ಕಟ್ಟಲು ಸೆಕ್ಯುರಿಟಿ ಬಿಡಲಿಲ್ಲ. ನಾಳೆ ವಾಪಸ್ ಹೋಗುತ್ತೇನೆ ಎಂದು ಅಕ್ಕ ದಿನಾ ಹೇಳುತ್ತಿದ್ದರು. ಹನಿ ಬಿದ್ದರೆ ಸಾಕು, ಒಲೆ ಎತ್ತಿಕೊಂಡು ಗೋಡೆಯ ಕೆಳಗೆ ಓಡುತ್ತಿದ್ದರು. ಒಮ್ಮೆ ಬೇಡವೆಂದು ಕೈ ಹಿಡಿದದ್ದಕ್ಕೆ, “ಮಳ್ಯಾಗ ರೊಟ್ಟಿ ಬಡ್ಯಾಕ ನಿಮ್ಮವ್ವಗ ಬರತೈತೇನು?” ಎಂದು ಸಿಡುಕಿದರು. ಯಾವ ಮಳೆಯಿಂದ ಗೋಡೆ ಬೀಳಬಹುದಿತ್ತೋ ಅದೇ ಮಳೆ ಅವರನ್ನು ಗೋಡೆಯ ಬುಡಕ್ಕೆ ಕಳಿಸುತ್ತಿತ್ತು. ನನಗೆ ಅಳು ಬರುವಷ್ಟು ರೇಗುತ್ತಿತ್ತು.

ಆ ದಿನ ಹಿಂದಿನ ಸಂಜೆಯಿಂದ ಮಳೆ ಸುರಿದು ಬೆಳಿಗ್ಗೆ ನಿಂತಿತ್ತು. ಊಟದ ಹೊತ್ತಿಗೆ ಮತ್ತೆ ತುಂತುರು ಶುರುವಾಯಿತು. ಅಕ್ಕ ಹಿಟ್ಟಿನ ಡಬ್ಬ ಮುಚ್ಚಿ ಕಂಕುಳಿಗೆ ಇಟ್ಟುಕೊಂಡರು. ನಾನು ಲೀಡನ್ನು ನೋಡಿದೆ. ಅವನ ಬೆನ್ನ ಮೇಲೆ ಬಿಸಿಲು ಮರೆಮಾಡಲು ನಾವು ಬಳಸುವ ದೊಡ್ಡ ಬಿಳಿ ಬಟ್ಟೆಯ ಚೀಲವಿತ್ತು. “ಅದು ನೆನೆದ್ರೆ ಹಾಳಾಗತ್ತೆ ಗುರು” ಎನ್ನುತ್ತಲೇ ಬಿಚ್ಚಿದ. ಒಂದು ತುದಿ ಅವನು, ಒಂದು ತುದಿ ನಾನು, ಹಿಂದಿನ ತುದಿಗಳನ್ನು ಗಾರೆ ಕೆಲಸದವರಿಬ್ಬರು ಹಿಡಿದು ಒಲೆಯ ಮೇಲೆ ಚಪ್ಪರದಂತೆ ನಿಂತೆವು.

“ಮದಿವಿ ಮಾಡಾಕತ್ತೀರೇನೋ ನಂದು?” ಎಂದರು ಅಕ್ಕ. ಆದರೆ ಡಬ್ಬ ಕೆಳಗಿಟ್ಟು ಹಿಟ್ಟು ನಾದಿದರು. ಒಂದು ರೊಟ್ಟಿ ಬಡಿದು ಹಂಚಿಗೆ ಹಾಕಿದರು.

ಮೊದಲು ಜಲ್ಲಿ ಸುರಿದಂಥ ಸಣ್ಣ ಸದ್ದು. ಗಾರೆಯ ಚೂರುಗಳು ಚಪ್ಪಡಿಯ ಮೇಲೆ ಉದುರಿದವು. ಗೋಡೆಯ ನಡು ಇನ್ನೊಂದಿಷ್ಟು ಮುಂದೆ ಬಂತು, ಅವಸರವಿಲ್ಲದೆ. ನಾನು ಕಂಪ್ಯೂಟರಿನಲ್ಲಿ ಎಷ್ಟೋ ಸಲ ಹಿಂದಕ್ಕೆ ತಳ್ಳಿದ್ದು ಅದೇ ಉಬ್ಬನ್ನು. ಆಮೇಲೆ ಇಡೀ ಭಾಗ ಒಮ್ಮೆಲೇ ಕುಸಿದು ರಸ್ತೆಗೆ ಮಗುಚಿಕೊಂಡಿತು. ಅದರ ಹಿಂದೆಯೇ ಕೆಂಪು ಮಣ್ಣು ಗಂಜಿಯಂತೆ ಇಳಿಯಿತು. ಎಲ್ಲ ನೆನೆದಿದ್ದರಿಂದ ಧೂಳು ಏಳಲಿಲ್ಲ, ಆದ್ದರಿಂದ ಪ್ರತಿಯೊಂದೂ ಸ್ಪಷ್ಟವಾಗಿ ಕಂಡಿತು. ಜನ ಕೂರುತ್ತಿದ್ದ ಚಪ್ಪಡಿಗಳು ಒಡೆದು ಚರಂಡಿಯೊಳಗೆ ಹೋದವು. ಒಂದು ಕಲ್ಲು ಉರುಳಿಕೊಂಡು ರಸ್ತೆಯ ಮಧ್ಯಕ್ಕೆ ಬಂದು ನಿಂತಿತು.

ನಾವು ಬಟ್ಟೆ ಹಿಡಿದುಕೊಂಡೇ ಇದ್ದೆವು. ಯಾರಿಗೂ ಬಿಡಬೇಕೆಂದು ತೋಚಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕಪ್ಪಾಗಿ ಹೊಗೆಯಾಡಿತು. ಅಕ್ಕ ಗ್ಯಾಸ್ ಆರಿಸಿ, ಅಲ್ಲಿದ್ದ ಒಬ್ಬೊಬ್ಬರ ಭುಜವನ್ನೂ ಹಿಟ್ಟಿನ ಕೈಯಿಂದ ಮುಟ್ಟುತ್ತ ಹೋದರು. “ಎಲ್ಲಾರೂ ಅದೀರೇನು? ಎಲ್ಲಾರೂ ಅದೀರಲ್ಲ?” ನನ್ನ ಹತ್ತಿರ ಬಂದಾಗ ಭುಜ ಮುಟ್ಟಿ ಕೈ ಅಲ್ಲೇ ಬಿಟ್ಟರು.

ಮಾಲೀಕರು ಕೊಡೆ ಹಿಡಿದು ಗೇಟಿನಿಂದ ಹೊರಗೆ ಬಂದರು. ಮೊದಲು, “ಯಾರಿಗಾದ್ರೂ ಪೆಟ್ಟಾಯ್ತಾ?” ಎಂದೇ ಕೇಳಿದರು, ಅದನ್ನು ಬರೆಯಲೇಬೇಕು. ಯಾರಿಗೂ ಇಲ್ಲವೆಂದು ತಿಳಿದ ಮೇಲೆ ಅವರ ಕಣ್ಣು ಅಕ್ಕನ ಮೇಲೆ ಹೋಯಿತು.

“ದಿನಾ ಮೊಳೆ ಹೊಡೆದು ಹೊಡೆದು, ಒಲೆ ಹಚ್ಚಿ ಹಚ್ಚಿ ಬೀಳಿಸಿದ್ರಲ್ಲಮ್ಮಾ. ಚೆನ್ನಾಗಿದ್ದ ಗೋಡೆ. ನನ್ನ ಹತ್ರ ವಿಡಿಯೊ ಇದೆ.”

ನಾನು ಟ್ಯಾಬ್ ತೆಗೆದೆ. ಬೆರಳು ಒದ್ದೆಯಾಗಿ ಪರದೆ ಕೇಳಲಿಲ್ಲ. “ಸರ್, ಮೂಲ ಫೋಟೊಗಳಲ್ಲಿ...” ಎಂದು ಶುರು ಮಾಡಿದರೆ ಅವರು ಕೈ ಅಡ್ಡ ಮಾಡಿದರು. “ನಿನ್ನ ಕಂಪ್ಯೂಟರ್ ಮಾತು ಬೇಡಮ್ಮಾ.”

ಆಗ ಲೀಡ್ ಬಟ್ಟೆಯ ತುದಿಯನ್ನು ಗಾರೆಯವನ ಕೈಗೆ ಕೊಟ್ಟು ಮುಂದೆ ಬಂದ. “ಸರ್, ವಿಡಿಯೊದಲ್ಲಿ ಗೋಡೆ ನೆಟ್ಟಗೆ ಮಾಡು ಅಂತ ಹೇಳಿದ್ದು ನಾನು. ಮಳೆಗೆ ಮುಂಚೆನೇ ಅದು ವಾಲಿತ್ತು. ಯಾರು ಬಂದು ಕೇಳಿದ್ರೂ ನಾನು ಹೀಗೇ ಹೇಳ್ತೀನಿ. ಬರೆದು ಬೇಕಾದ್ರೂ ಕೊಡ್ತೀನಿ. ಮೊಳೆಯಿಂದ ಬಿದ್ದಿದ್ರೆ ನಿಮ್ಮ ತೋಟ ಯಾಕೆ ಸರ್ ರೋಡಲ್ಲಿದೆ?”

ಕಲ್ಲಿನ ರಾಶಿಯ ಮೇಲೆ, ಕೆಂಪು ಮಣ್ಣಿನಲ್ಲಿ, ಮಾಲೀಕರ ಕ್ರೋಟನ್ ಗಿಡಗಳು ಒಂದೆರಡು ಬೇರುಸಹಿತ ನೆಟ್ಟಂತೆಯೇ ನಿಂತಿದ್ದವು. ಅವರು ಅದನ್ನು ನೋಡಿದರು. ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ಒಳಗೆ ಹೋದರು.

ಸಂಜೆಗೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಬಂದು ಎಲ್ಲವನ್ನೂ ನೋಡಿದರು. ಬೇಲಿಯ ಪಕ್ಕದ ಟೇಬಲ್ಲನ್ನೂ ನೋಡಿದರು. ಸಭ್ಯರು, ಕೂಗಾಡಲಿಲ್ಲ. “ಆಯ್ತಮ್ಮ, ಆ ಕಡೆ ಕಲ್ಲು ತೆಗೆಯೋ ತನಕ ಇಲ್ಲಿ ಇಟ್ಕೊಳ್ಳಿ” ಎಂದರು. ಮಾಲೀಕರು ಅಷ್ಟರಲ್ಲೇ ಹೇಳಿ ಕಳಿಸಿದ್ದರು: ಹೊಸ ಗೋಡೆಗೆ ಯಾರೂ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ಹಾಗಾಗಿ ಈಗ ನನ್ನ ರೇಗಾಟ ತಿರುಗುಮುರುಗಾಗಿದೆ. ಆ ಗೋಡೆ ಬೀಳಬಾರದೆಂದು ಅಷ್ಟು ದಿನ ಒದ್ದಾಡಿದವಳು, ಈಗ ಅದರ ಕಲ್ಲುಗಳು ಅಲ್ಲೇ ಬಿದ್ದಿರಲಿ ಎಂದು ಬಯಸುತ್ತೇನೆ. ಬೆಳಿಗ್ಗೆ ಸ್ಟುಡಿಯೊಗೆ ಹೋಗುವಾಗ ಸುತ್ತು ಹಾಕಿಕೊಂಡು ಆ ಓಣಿಯಲ್ಲಿ ಹೋಗಿ ರಾಶಿ ಎಷ್ಟಿದೆ ನೋಡುತ್ತೇನೆ. ದಿನಾ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಿದೆ. ಚೆನ್ನಾಗಿರುವ ಕಲ್ಲುಗಳನ್ನು ಯಾರೋ ಒಯ್ಯುತ್ತಾರೆ. ಲೀಡ್ ಅಪಾರ್ಟ್‌ಮೆಂಟಿನವರ ಜೊತೆ ಎರಡು ಸಲ ಮಾತಾಡಿ ಬಂದ. ಮೀಟಿಂಗಿನಲ್ಲಿ ನೋಡೋಣ ಎಂದರಂತೆ. ಗಿರಾಕಿಗೆ ಕೊಟ್ಟ ಗೋಡೆಯನ್ನು ಬದಲಿಸಬೇಕೇ ಎಂದು ಅವನು ಕೇಳಿ ನೋಡಿದ. ಬೇಡ, ಅದೇ ಚೆನ್ನಾಗಿದೆ ಎಂದು ಉತ್ತರ ಬಂತು.

ನಿನ್ನೆ ಹೋದಾಗ ರಾಶಿಯ ಪಕ್ಕ ಒಂದು ಟ್ರ್ಯಾಕ್ಟರ್ ನಿಂತಿತ್ತು. ಮಾಲೀಕರು ಕೂಲಿಯವರಿಗೆ ಕೈ ತೋರಿಸಿ ಏನೋ ಹೇಳುತ್ತಿದ್ದರು. ಅಕ್ಕ ಆ ಕಡೆ ಬೆನ್ನು ಹಾಕಿ ರೊಟ್ಟಿ ಬಡಿಯುತ್ತಿದ್ದರು. ನಾನು ತಿಂದು ಕೈ ತೊಳೆದು ಹೊರಟೆ.

“ನಾಳಿ ಬರ್ತೀಯಿಲ್ಲೋ?” ಎಂದರು.

“ಬರ್ತೀನಿ ಅಕ್ಕ. ಎಲ್ಲಿಗೆ ಬರ್ಲಿ?”

ಅವರು ತಲೆ ಎತ್ತಲಿಲ್ಲ. “ಈ ರಸ್ತಾದಾಗ ಹುಡುಕು” ಎಂದರು. “ಇರ್ತೀನಿ.”